ನಾಲ್ಕನೆಯ ಮೂಲೆಯ ತೊಗಲು

“ಬುದ್ಧೀ, ನೇಮ ದೊಡ್ಡದೋ, ಮನಿ ದೊಡ್ಡದೋ?”

ಕೇಳಿದವನು ಅಡಿವೆಪ್ಪ. ಮಠಕ್ಕೆ ನಡೆದುಕೊಳ್ಳುವ ಮನೆತನದವನು, ಸಂಸಾರಸ್ಥ, ಅರವತ್ತು ದಾಟಿದವನು. ಸಂಜೆಯ ಹೊತ್ತು. ದರ್ಶನಕ್ಕೆ ಬಂದವರು ಒಬ್ಬೊಬ್ಬರಾಗಿ ಎದ್ದು, ರೂಢಿಯಂತೆ ಗುರುಗಳಿಗೆ ಬೆನ್ನು ತೋರಿಸದೆ ಹಿಂದುಹಿಂದಕ್ಕೆ ನಡೆದು ಹೊಸ್ತಿಲು ದಾಟಿ ಹೋಗಿದ್ದರು. ಪಡಸಾಲೆಯಲ್ಲಿ ಗುರುಗಳು ಮತ್ತು ಅಡಿವೆಪ್ಪ ಇಬ್ಬರೇ ಉಳಿದಿದ್ದರು.

“ಯಾಕಪ್ಪಾ, ಎರಡೂ ಒಂದ ಕಡೆ ಇರೂದಿಲ್ಲೇನು?” ಎಂದರು ಗುರುಗಳು.

ಅಡಿವೆಪ್ಪ ತನ್ನ ಮನೆಯ ಸಂಗತಿ ಹೇಳಿದನು. ಬೆಳಿಗ್ಗೆ ಎಲ್ಲರೂ ಕೂಡಿ ಪೂಜೆ ಮುಗಿಸುವ ತನಕ ಯಾರೂ ತುತ್ತು ಮುಟ್ಟಬಾರದು ಎಂಬುದು ಆ ಮನೆಯ ನೇಮ. ಅದನ್ನು ಕಟ್ಟಿದವನು ಅವನೇ. ಜ್ವರ ಬಂದ ದಿನವೂ ಅವನು ಅದನ್ನು ಕೆಡಿಸಿದವನಲ್ಲ. ಈಗ ಮನೆಗೆ ಸೊಸೆ ಬಂದಿದ್ದಳು. ತಾಲೂಕಿನ ಆಸ್ಪತ್ರೆಯಲ್ಲಿ ನರ್ಸು. ರಾತ್ರಿಪಾಳಿ ಮುಗಿಸಿ ಬೆಳಕು ಹರಿದ ಮೇಲೆ ಮನೆಗೆ ಬರುವವಳು. ಮೊನ್ನೆ ಹಾಗೆ ಬಂದವಳು ಹಸಿವು ತಾಳದೆ, ಪೂಜೆಗೆ ಮುಂಚೆ ಅಡಿಗೆಮನೆಯಲ್ಲಿ ಕುಳಿತು ರೊಟ್ಟಿ ಮುರಿದಳು. ಅಡಿವೆಪ್ಪ ಬಾಗಿಲಲ್ಲಿ ನಿಂತು ಒಂದು ಮಾತು ಆಡಿದನು.

“ಏನಂದಿ?”

“ಪೂಜಿಗಿಂತ ಮೊದಲ ಉಣ್ಣಾವ್ರಿಗೆ ಈ ಮನ್ಯಾಗ ತಾಟು ಇಲ್ಲ ಅಂದೆ.”

ಸೊಸೆ ಮುರಿದ ರೊಟ್ಟಿಯನ್ನು ಬುಟ್ಟಿಯಲ್ಲಿಟ್ಟು, ತಾಟನ್ನು ತಾನೇ ತೊಳೆದು ಬೋರಲು ಹಾಕಿದಳು. ಅಂದಿನಿಂದ ಆ ಮನೆಯಲ್ಲಿ ಅವಳು ಉಂಡಿಲ್ಲ. ಮಗ ಆಚೆಯ ಓಣಿಯಲ್ಲಿ ಒಂದು ಖೋಲಿ ಹಿಡಿದಿದ್ದಾನೆ. ನಾಳೆ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಸಾಮಾನು ಸಾಗಿಸುವವರಿದ್ದಾರೆ.

“ಮಾತು ಬಿರುಸಾತು, ನನಗೂ ಗೊತ್ತೈತ್ರಿ,” ಎಂದನು ಅಡಿವೆಪ್ಪ. “ಆದ್ರ ಹಿರ್ಯಾ ಆದಾಂವ ಆಡಿದ ಮಾತು ಹಿಂದಕ್ಕ ತಗೊಂಡ್ರ, ನೇಮಕ್ಕ ಏನು ಬೆಲಿ ಉಳೀತು? ಇವತ್ತು ಆಕಿ, ನಾಳೆ ಇನ್ನೊಬ್ಬರು. ನೀವ ಹೇಳ್ರಿ.”

ಗುರುಗಳು ಈ ಕತೆ ಹೇಳಿದರು.

ಒಂದು ಗುಡ್ಡ. ಗುಡ್ಡದ ನೆತ್ತಿಯ ಮೇಲೆ ಒಂದು ಊರು. ಊರಿಗೆ ಒಂದೇ ದಾರಿ. ದಾರಿಯ ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಕೊರಕಲು. ಎದುರುಬದುರಾದ ಎರಡು ಗಾಡಿ ಹಾಯುವಷ್ಟು ಅಗಲವಿಲ್ಲ. ಅಲ್ಲಲ್ಲಿ ಬಂಡೆ ಒಡೆದು, ಒಂದು ಗಾಡಿ ಸರಿದು ನಿಲ್ಲುವಷ್ಟು ಜಾಗ ಮಾಡಿದ್ದರು. ಅದನ್ನು ಆ ಊರಿನವರು ತಂಗುಕಟ್ಟೆ ಎನ್ನುತ್ತಿದ್ದರು.

ಆ ದಾರಿಗೆ ಹಿರಿಯರು ಹಾಕಿದ ಕಟ್ಟಳೆಯೊಂದಿತ್ತು. ಇಳಿಯುವವನು ಹಿಂದೆ ಸರಿದು ಏರುವವನಿಗೆ ದಾರಿ ಬಿಡಬೇಕು. ಇಳಿಯುವವನು ನಿಂತರೆ ಮತ್ತೆ ಹೊರಡಬಹುದು. ಭಾರ ಎಳೆಯುತ್ತ ಏರುವವನು ನಡು ಏರಿನಲ್ಲಿ ನಿಂತರೆ ಕೆಟ್ಟ. ಏರುವವನ ಉಸಿರು ಕಡಿಯಬಾರದು ಎಂಬುದು ಆ ಊರಿನ ಮಾತಾಗಿತ್ತು.

ಊರಿನಲ್ಲಿ ಒಬ್ಬ ಜೀಪಿನವನಿದ್ದ. ಊರಿಗೆಲ್ಲ ಅವನದೊಂದೇ ಜೀಪು. ಬಸುರಿಯನ್ನು ಇಳಿಸುವವನು ಅವನೇ, ಮದುಮಗಳನ್ನು ಏರಿಸಿ ತರುವವನೂ ಅವನೇ. ಕೈ ಚಲೋ ಇತ್ತು. ನಡತೆಯೂ ಚಲೋ ಇತ್ತು. ಕುಡಿತವಿಲ್ಲ, ಎಲೆಯಡಿಕೆಯಿಲ್ಲ. ಬೆಳಿಗ್ಗೆ ಜೀಪಿನ ಮೂತಿಗೆ ವಿಭೂತಿ ಇಡದೆ ಕೀಲಿ ತಿರುಗಿಸುತ್ತಿರಲಿಲ್ಲ.

ಅವನಿಗೆ ಒಂದು ರೂಢಿ ಬಿದ್ದಿತ್ತು. ಇಳಿಯುವಾಗ ಮೇಲಿನ ತಿರುವಿನಲ್ಲೇ ಹಾರ್ನು ಒತ್ತಿ ಹಿಡಿಯುತ್ತಿದ್ದ. ಆ ಸದ್ದು ಕೇಳಿದ ಕೂಡಲೆ ಏರುವವರು ತಂಗುಕಟ್ಟೆ ಸೇರಿ ಕಾಯುತ್ತಿದ್ದರು. ಮೊದಮೊದಲು, ಜೀಪಿನಲ್ಲಿ ಬೇನೆಯವರು ಇರಬಹುದು ಎಂದು ಜನ ತಾವಾಗಿ ಜಾಗ ಬಿಟ್ಟರು. ಬರಬರುತ್ತ ಅದೇ ರೂಢಿಯಾಯಿತು. ರೂಢಿ ಹಳೆಯದಾದ ಮೇಲೆ ಅದು ತನ್ನ ಹಕ್ಕೆಂದು ಅವನಿಗೆ ಅನ್ನಿಸಿತು. ಅವನು ಹಿಂದೆ ಸರಿಯುವ ಗಿರಾಕಿಯಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಅವರು ಬೈದು ಆಡುತ್ತಿದ್ದ ಮಾತು ಅವನ ಕಿವಿಗೆ ಹೊಗಳಿಕೆಯಾಗಿ ಕೇಳುತ್ತಿತ್ತು.

ಊರೊಳಗೂ ಅವನು ಜೀಪನ್ನು ಹಿಂದಕ್ಕೆ ಬಿಡುತ್ತಿರಲಿಲ್ಲ. ಮೇಲೆ ಹುಣಸೆಮರವನ್ನು ಸುತ್ತು ಹಾಕಿ ನಿಲ್ಲಿಸುತ್ತಿದ್ದ. ಕೆಳಗೆ ಸಂತೆಯ ಬಯಲಿನಲ್ಲಿ ಸುತ್ತು ಹಾಕಿ ತಿರುಗಿಸುತ್ತಿದ್ದ. ಹೀಗಾಗಿ ಆ ಜೀಪಿಗೆ ಹಿಂದಕ್ಕೆ ಹೋಗುವ ಗೇರೊಂದು ಇದೆ ಎಂಬುದೇ ಮರೆತಂತಾಗಿತ್ತು.

ಜೀಪು ಹಳೆಯದು. ಅದರ ಗೇರಿನ ಕೋಲು ನೆಲದ ತಗಡಿನಲ್ಲಿರುವ ಒಂದು ತೂತಿನಿಂದ ಮೇಲೆ ಬಂದಿತ್ತು. ಆ ತೂತು ಮುಚ್ಚಲು ಕೋಲಿನ ಬುಡಕ್ಕೆ ರಬ್ಬರಿನ ಬೂಟು ತೊಡಿಸಿರುತ್ತಾರೆ. ವರ್ಷಗಟ್ಟಲೆ ಬಿಸಿಗೆ ಬೆಂದು ಅದು ಬಿರಿದು ಉದುರಿಹೋಗಿತ್ತು. ತೂತಿನಿಂದ ರಸ್ತೆಯ ಧೂಳು, ಸುಟ್ಟ ಎಣ್ಣೆಯ ಹೊಗೆ, ಇಂಜಿನ್ನಿನ ಕಾವು ಎಲ್ಲವೂ ನೆಟ್ಟಗೆ ಒಳಕ್ಕೆ ಬರುತ್ತಿದ್ದವು.

ಜೀಪಿನವನ ಅವ್ವನಿಗೆ ದಮ್ಮು. ಆಗಾಗ ಅವಳನ್ನು ಕೆಳಗಿನ ಡಾಕ್ಟರರ ಹತ್ತಿರ ಕರೆದೊಯ್ಯಬೇಕಾಗಿತ್ತು. ದಾರಿಯುದ್ದಕ್ಕೂ ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂಡುತ್ತಿದ್ದಳು. ಒಂದು ದಿನ ಏರಿ ಬಂದು ಇಳಿಯುವಾಗ ನಕ್ಕು ಹೇಳಿದಳು: “ಡಾಕ್ಟರು ಕೊಟ್ಟ ಉಸಿರನ್ನ ಮನಿ ಮುಟ್ಟೂದ್ರಾಗ ನಿನ್ನ ಜೀಪ ಕುಡದು ಬಿಡ್ತೈತಿ ನೋಡಪಾ.”

ಅವ್ವ ನಕ್ಕು ಹೇಳಿದ ಮಾತು ಮಗನ ಎದೆಗೆ ನಾಟಿತು. ಅವನು ಪೇಟೆಯ ಅಂಗಡಿಗಳನ್ನೆಲ್ಲ ತಿರುಗಿದ. ಆ ಕಾಲದ ಜೀಪಿನ ಬೂಟು ಈಗ ಬರುವುದಿಲ್ಲ ಎಂದರು. ಹಾಗಾದರೆ ನಾನೇ ಹೊಲಿಯುತ್ತೇನೆ, ಅದೂ ತೊಗಲಿನಲ್ಲೇ ಎಂದುಕೊಂಡು ಚಪ್ಪಲಿ ಹೊಲಿಯುವವರ ಓಣಿಗೆ ಹೋಗಿ ಮೆತ್ತಗಿನ ಕೆಂಪು ತೊಗಲು ತಂದನು. ದಬ್ಬಳ ತಂದನು. ಮೇಣ ಹಚ್ಚಿದ ದಾರ ತಂದನು.

ಕಟ್ಟೆಯ ಮೇಲೆ ತೊಗಲು ಹರಡಿಕೊಂಡು ಕುಳಿತದ್ದನ್ನು ಹೆಂಡತಿ ನೋಡಿದಳು.

“ಏನ್ರೀ ಇದು, ಜೀಪಿಗೆ ಕುಬಸ ಹೊಲಿಯಾಕತ್ತೀರೇನು? ನನಗೊಂದು ಕುಬಸ ಹೊಲಿಸಿ ತರ್ರಿ ಅಂದ್ರ ಮೂರು ಹಬ್ಬ ದಾಟಿಸೀರಿ.”

“ನಿನ್ನ ಕುಬಸದೊಳಗಿಂದ ಹೊಗಿ ಬರೂದಿಲ್ಲಲ್ಲ,” ಎಂದನು ಅವನು.

“ಬರ್ತೈತಿ, ನಿಮಗ ಕಾಣಂಗಿಲ್ಲ,” ಎಂದು ಅವಳು ಮಗ್ಗುಲಲ್ಲೇ ಕುಳಿತಳು.

ಅವನು ಗೇರಿನ ಕೋಲನ್ನು ನಡುವೆ ನಿಲ್ಲಿಸಿ, ಬುಡದಿಂದ ಕತ್ತಿನ ತನಕ ದಾರ ಹಿಡಿದು ಅಳತೆ ತೆಗೆದಿದ್ದನು. ಹೆಂಡತಿ ಅದನ್ನು ನೋಡಿ ತಲೆಯಾಡಿಸಿದಳು.

“ಕೈ ಇಳಿಬಿಟ್ಟು ಕುಬಸದ ಅಳತಿ ತಗೊಂಡ್ರ ಆತೇನ್ರಿ? ಕೊಡಾ ಎತ್ತಾಕ ಕೈ ಮ್ಯಾಲ ಮಾಡಿದ್ರ ಬಗಲು ಹರೀತೈತಿ. ಕೋಲು ಎಲ್ಲೆಲ್ಲಿಗೆ ಹೊರಳತೈತೋ ಅಲ್ಲೆಲ್ಲಾ ಹೊರಳಿಸಿ ತಗೋರಿ.”

ಮಾತು ಸರಿಯೆಂದು ಅವನಿಗೆ ಕಂಡಿತು. ಅವನೇನು ಹೇಳಿದ್ದು ಕೇಳದ ಮೊಂಡನಲ್ಲ. ಕೋಲನ್ನು ಒಂದನೆಯ ಗೇರಿಗೆ ಹಾಕಿ ಅಳೆದನು. ಎರಡನೆಯದಕ್ಕೆ ಹಾಕಿ ಅಳೆದನು. ಮೂರನೆಯದಕ್ಕೆ ಹಾಕಿ ಅಳೆದನು. ಸಿಮೆಂಟಿನ ಚೀಲದ ಕಾಗದ ಹರಿದು ಅದರ ಮೇಲೆ ತೊಗಲಿನ ಹೋಳುಗಳ ಆಕಾರ ಬರೆದುಕೊಂಡನು.

“ನಾಕನೇ ಮೂಲಿ ಉಳೀತಲ್ಲ?” ಎಂದಳು ಹೆಂಡತಿ. ಆ ಜೀಪಿಗೆ ಮುಂದಕ್ಕೆ ಹೋಗುವ ಗೇರು ಮೂರೇ; ಹಿಂದಕ್ಕೆ ಹೋಗುವ ಗೇರು ಎಡಗಡೆ ಎಲ್ಲಕ್ಕಿಂತ ದೂರದ ಮೂಲೆಯಲ್ಲಿತ್ತು.

ಅವನು ನಕ್ಕನು. “ಅದು ಯಾರಿಗೆ ಬೇಕು? ನಾ ಹಿಂದಕ್ಕ ಬಂದದ್ದು ನೀ ಯಾವಾಗರೆ ನೋಡೀ ಏನು?”

“ನೋಡಿಲ್ಲ,” ಎಂದಳು ಅವಳು. “ಮನ್ಯಾಗೂ ನೋಡಿಲ್ಲ.”

ಆ ಮಾತನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮೂಲೆಗೂ ತೊಗಲು ಬಿಟ್ಟರೆ ಉಳಿದ ಹೊತ್ತಿನಲ್ಲಿ ಅದು ಮಡಿಚಿಕೊಂಡು ಜೋತು ಬೀಳುತ್ತದೆ, ನೋಡಲು ಚಂದವಿರುವುದಿಲ್ಲ ಎಂದು ಅಷ್ಟನ್ನು ಕತ್ತರಿಸಿ ತೆಗೆದನು. ಕತ್ತರಿಸಿದ ತುಂಡನ್ನು ಗೇರಿನ ಹಿಡಿಗೆ ಸುತ್ತಿ ಹೊಲಿದನು.

ಉಳಿದ ಹೊಲಿಗೆಯನ್ನು ಅವನು ಪೂಜೆ ಮಾಡಿದಂತೆ ಮಾಡಿದನು. ತೊಗಲನ್ನು ನೀರಿಗೆ ಹಾಕಿ ಮೆತ್ತಗೆ ಮಾಡಿಕೊಂಡನು. ದಬ್ಬಳದಿಂದ ಸಮನಾಗಿ ತೂತು ಚುಚ್ಚಿದನು. ಒಂದು ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಎರಡನ್ನೂ ಎದುರುಬದುರಾಗಿ ಹಾಯಿಸಿ ಬಿಗಿದನು. ಹೀಗೆ ಹೊಲಿದದ್ದು ಒಂದು ಕಡೆ ಹರಿದರೂ ಇನ್ನೊಂದು ಕಡೆ ಹಿಡಿದಿರುತ್ತದೆ. ಹೊಲಿಗೆ ಮುಗಿದ ಮೇಲೆ ಬೂಟನ್ನು ಒಳಹೊರಗು ಮಾಡಿ ತಿರುವಿದನು. ಬುಡವನ್ನು ಕಬ್ಬಿಣದ ಬಳೆಯ ಕೆಳಗಿಟ್ಟು ಸ್ಕ್ರೂ ಬಿಗಿದನು. ಕತ್ತನ್ನು ಕೋಲಿಗೆ ಕಟ್ಟಿದನು.

ಬೂಟು ಕೂತ ಚಂದ ನೋಡಿ ಊರೇ ಹೊಗಳಿತು. ಎಲ್ಲೂ ಸುಕ್ಕಿಲ್ಲ. ಧೂಳು ನಿಂತಿತು, ಹೊಗೆ ನಿಂತಿತು. ಮರುಸಲ ಡಾಕ್ಟರರ ಹತ್ತಿರ ಹೋಗುವಾಗ ಅವ್ವ ಸೆರಗನ್ನು ಮೂಗಿಗೆ ಹಿಡಿಯಲಿಲ್ಲ. ಕೈ ಚಾಚಿ ಆ ತೊಗಲನ್ನು ಸವರಿ, “ನನ್ನ ಮಗನ ಕೈ ಇದು,” ಎಂದಳು. ಅವನು ರಸ್ತೆ ನೋಡುತ್ತಲೇ ಇದ್ದನು. ಕಣ್ಣು ಮಾತ್ರ ತುಂಬಿತ್ತು.

ಬೇಸಿಗೆ ಬಂತು. ಕೆಳಗಿನ ಕಾವಿಗೆ ತೊಗಲು ಒಣಗಿ ಇನ್ನಷ್ಟು ಬಿಗಿಯಿತು. ಮುಂದಿನ ಮೂರು ಗೇರಿಗೆ ಅದರಿಂದ ತೊಂದರೆಯಾಗಲಿಲ್ಲ. ಅವುಗಳ ಅಳತೆ ತೆಗೆದಿದ್ದನಲ್ಲ.

ಒಂದು ಬೆಳಿಗ್ಗೆ ಅವ್ವನ ಉಸಿರು ಎಳೆಯತೊಡಗಿತು. ಈ ಸಲದ ಎಳೆತ ಬೇರೆಯಾಗಿತ್ತು. ತುಟಿ ನೀಲಿಯಾಗಿತ್ತು. ಅವನು ಅವಳನ್ನು ಎತ್ತಿ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟನು. ಮೇಲಿನ ತಿರುವಿನಲ್ಲಿ ಹಾರ್ನು ಒತ್ತಿ ಹಿಡಿದನು. ತಂಗುಕಟ್ಟೆ ದಾಟಿ, ಎಲ್ಲಕ್ಕಿಂತ ಕಡಿದಾದ ಇಳುಕಲಿಗೆ ಇಳಿದನು.

ಎದುರಿಗೆ ಎತ್ತಿನ ಗಾಡಿ ಏರುತ್ತಿತ್ತು. ಗಾಡಿಯ ತುಂಬ ಜೋಳದ ಚೀಲ. ಗಾಡಿಯವನು ಕೆಳಗಿನ ತಂಗುಕಟ್ಟೆ ದಾಟಿ ನಡು ಏರಿಗೆ ಬಂದಾಗಿತ್ತು. ಅವನಿಗೆ ಹಾರ್ನು ಕೇಳಿದ್ದು ಆಮೇಲೆ. ಎತ್ತುಗಳು ಮೊಣಕಾಲು ಬಗ್ಗಿಸಿ, ಗೊರಸನ್ನು ಕಲ್ಲಿಗೆ ಕೊಟ್ಟು ಎಳೆಯುತ್ತಿದ್ದವು.

“ಅಣ್ಣಾ, ಹಿಂದಕ್ಕ ಸರಿ!” ಎಂದು ಗಾಡಿಯವನು ಕೂಗಿದನು. “ನಿಂತ್ರ ಎತ್ತು ಕೆಡತಾವ. ಕಟ್ಟಿ ನಿನ್ನ ಬೆನ್ನಿಗೇ ಐತಿ. ಒಂದೀಟು ಸರಿ!”

“ನನ್ನ ಜೀಪಿನ್ಯಾಗ ಅವ್ವ ಅದಾಳೋ!” ಎಂದು ಅವನೂ ಕೂಗಿದನು.

“ಅದಕ್ಕ ಅಂದೆ ನಾನು! ಕೂಗಬ್ಯಾಡ, ಸರಿ!”

ಬೇರೆ ದಾರಿಯಿರಲಿಲ್ಲ. ಭಾರದ ಗಾಡಿ ಇಳುಕಲಿನಲ್ಲಿ ಹಿಂದಕ್ಕೆ ಹೋಗಲಾರದು. ಜೀಪಿನವನು ಬ್ರೇಕು ಒತ್ತಿ ನಿಂತು, ಗೇರಿನ ಕೋಲನ್ನು ಆ ದೂರದ ಮೂಲೆಗೆ ತಳ್ಳಿದನು. ತೊಗಲು ತಂಬೂರಿಯ ತಂತಿಯಂತೆ ಬಿಗಿಯಿತು. ಜೋರು ಮಾಡಿ ಒತ್ತಿದ ಮೇಲೆ ಗೇರು ಬಿತ್ತು. ಜೀಪು ಹಿಂದಕ್ಕೆ ಸರಿಯತೊಡಗಿತು. ತಿರುವು ತೆಗೆಯಲು ಎರಡು ಕೈಯೂ ಬೇಕಾದವು. ಅವನು ಕೋಲು ಬಿಟ್ಟು ಸ್ಟೇರಿಂಗ್ ಹಿಡಿದನು.

ಕೈ ಬಿಟ್ಟ ಕೂಡಲೆ ತೊಗಲು ಕೋಲನ್ನು ಎಳೆದುಕೊಂಡಿತು. ಗೇರು ಜಾರಿತು. ಇಂಜಿನ್ನು ಬರಿದೆ ಬೊಬ್ಬೆ ಹೊಡೆಯಿತು. ಜೀಪು ಮುಂದಕ್ಕೆ ಉರುಳಿತು.

ಅವನು ಬ್ರೇಕು ಒತ್ತಿದನು. ಗಾಲಿಗಳು ನಿಂತರೂ ಜೀಪು ಜಲ್ಲಿಯ ಮೇಲೆ ಜಾರಿತು. ಕೊರಕಲಿನ ಕಡೆಗೆ ಹೋಗಬಾರದೆಂದು ಬಂಡೆಯ ಕಡೆಗೆ ತಿರುವಿದನು. ಜೀಪಿನ ಮೂತಿ ಬಂಡೆಗೆ ಉಜ್ಜುತ್ತ ಹೋಗಿ, ಬಂಡೆಯ ಮಗ್ಗುಲಿಗಿದ್ದ ಎತ್ತಿನ ಮುಂಗಾಲಿಗೆ ಬಡಿದು ನಿಂತಿತು. ಎತ್ತು ಮುಗ್ಗರಿಸಿತು. ಗಾಡಿ ಹಿಂದಕ್ಕೆ ಜಗ್ಗಿತು. ಗಾಡಿಯವನು ಹಾರಿ, ಗಾಲಿಯ ಹಿಂದೆ ಕಲ್ಲು ನೂಕಿ ಅದನ್ನು ತಡೆದನು.

ಎತ್ತು ಕೂಗಲಿಲ್ಲ. ಅದರ ಕಣ್ಣು ಮಾತ್ರ ದೊಡ್ಡದಾಗಿತ್ತು.

ಗಾಡಿಯವನು ಬೈಯಲಿಲ್ಲ. ಎತ್ತಿನ ಹತ್ತಿರ ಕುಳಿತು ಕಾಲು ಮುಟ್ಟಿ ನೋಡಿದನು. ಆಮೇಲೆ ತಲೆ ಎತ್ತದೆ ಕೇಳಿದನು: “ಯಾಕ ಸರಿಯಲಿಲ್ಲ?”

“ಸರಿದ್ನೋ. ಗೇರು ನಿಲ್ಲಲಿಲ್ಲ.”

ಹೇಳಿದ ಮಾತು ಅವನಿಗೇ ನಂಬಿಕೆಯಾಗಲಿಲ್ಲ. ಜೀಪು ಹತ್ತಿ ಮತ್ತೊಮ್ಮೆ ಕೋಲನ್ನು ಆ ಮೂಲೆಗೆ ತಳ್ಳಿ ಕೈ ಬಿಟ್ಟು ನೋಡಿದನು. ಅವನ ಕಣ್ಣೆದುರಿಗೇ ಕೆಂಪು ತೊಗಲು ಕೋಲನ್ನು ಮೆಲ್ಲಗೆ ಎಳೆದು ತಂದು ನಡುವೆ ನಿಲ್ಲಿಸಿತು. ಒಂದು ಹೊಲಿಗೆಯೂ ಬಿಡಲಿಲ್ಲ. ಅಷ್ಟು ಚೆನ್ನಾಗಿ ಹೊಲಿದಿದ್ದನು.

ಅವ್ವ ಅದನ್ನು ನೋಡುತ್ತಿದ್ದಳು. ಉಸಿರಿಗೆ ಉಸಿರು ಕೂಡಿಸಿಕೊಂಡು ಹೇಳಿದಳು: “ಮೊದಲ ಆ ಮೂಕಪ್ರಾಣಿ ನೋಡು ಹೋಗು. ನನ್ನ ಉಸಿರು ಅಷ್ಟು ಲಗೂ ಹೋಗೂದಿಲ್ಲ.” ಕುಡಿಯಲು ತಂದಿದ್ದ ನೀರಿನ ತಂಬಿಗೆಯನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಒಯ್ದು ಎತ್ತಿನ ಬಾಯಿಗೆ ಹಿಡಿದನು.

ತಿರುಗಿ ಬಂದವನು ಕತ್ತಿ ತೆಗೆದನು. ತಾನು ಹೊಲಿದ ಬೂಟಿನ ಹೊಲಿಗೆಯನ್ನು, ನಾಲ್ಕನೆಯ ಮೂಲೆಯ ಕಡೆಗೆ, ಮೇಲಿನಿಂದ ಕೆಳಗಿನ ತನಕ ಕೊಯ್ದನು. ಬಿರುಕಿನಿಂದ ಕಾವೂ ಹೊಗೆಯೂ ಮತ್ತೆ ಒಳಗೆ ಬಂದವು. ಅವ್ವ ಸೆರಗನ್ನು ಮೂಗಿಗೆ ಹಿಡಿದಳು. ಅವನು ಕೋಲನ್ನು ತಳ್ಳಿದನು. ಈ ಸಲ ಗೇರು ಬಿದ್ದು ನಿಂತಿತು.

ಇಬ್ಬರೂ ಸೇರಿ ಎತ್ತುಗಳ ಕೊರಳನ್ನು ನೊಗದಿಂದ ಬಿಚ್ಚಿದರು. ಕುಂಟುವ ಎತ್ತನ್ನೂ ಅದರ ಜೊತೆಯದನ್ನೂ ಬಂಡೆಯ ಮಗ್ಗುಲಿಗೆ ನಿಲ್ಲಿಸಿದರು. ಚೀಲ ಬಿಗಿದ ಹಗ್ಗವನ್ನೇ ಬಿಚ್ಚಿ, ಗಾಡಿಯ ನೊಗವನ್ನು ಜೀಪಿನ ಮೂತಿಗೆ ಕಟ್ಟಿದರು. ಗಾಡಿಯವನು ನೊಗ ಹಿಡಿದು ದಾರಿ ತೋರಿಸಿದನು. ಜೀಪಿನವನು ಕತ್ತು ಹಿಂದಕ್ಕೆ ತಿರುಗಿಸಿ, ಜೀಪನ್ನು ಹಿಂದಕ್ಕೆ ಬಿಟ್ಟನು.

ಅವನು ಹಿಂದೆ ಸರಿದಷ್ಟೂ ಗಾಡಿ ಮೇಲೆ ಏರಿತು. ತಂಗುಕಟ್ಟೆಯ ತನಕ ಏರಿತು. ಅಲ್ಲಿ ಗಾಡಿಯನ್ನು ಬಿಟ್ಟು, ಅವನು ಅವ್ವನನ್ನು ಕರೆದುಕೊಂಡು ಇಳಿದುಹೋದನು.

ಅವ್ವ ಉಳಿದಳು. ಎತ್ತೂ ಬದುಕಿತು. ಆದರೆ ಅದರ ಕಾಲು ಮೊದಲಿನಂತಾಗಲಿಲ್ಲ. ಅದು ಮತ್ತೆ ನೊಗಕ್ಕೆ ಬರಲಿಲ್ಲ.

ಜೀಪಿನವನು ದಿನಾಲೂ ಹಸಿಮೇವಿನ ಹೊರೆಯೊಂದನ್ನು ಗಾಡಿಯವನ ಹಟ್ಟಿಗೆ ಹೊತ್ತು ಹಾಕುತ್ತಿದ್ದನು. ಗಾಡಿಯವನ ಹೊಲದ ಕೆಲಸವಿದ್ದಾಗ ಭಾರವನ್ನು ತನ್ನ ಜೀಪಿನಲ್ಲಿ ಏರಿಸಿ ಕೊಡುತ್ತಿದ್ದನು. ಗಾಡಿಯವನು ಬೇಡವೆನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಮಳೆಗಾಲ ಕಳೆದ ಮೇಲೆ ಒಂದು ದಿನ ಅವನು ಗೋಡೆಯ ಗೂಟದಿಂದ ಒಂದು ತೊಗಲಿನ ಪಟ್ಟಿ ತೆಗೆದು ಕೊಟ್ಟನು. ಎತ್ತಿನ ಕೊರಳನ್ನು ನೊಗಕ್ಕೆ ಕಟ್ಟುವ ಜತ್ತಿಗೆ ಅದು. ಬೆವರು ಕುಡಿದು ಕರ್ರಗಾಗಿತ್ತು, ಸವೆದು ಮೆತ್ತಗಾಗಿತ್ತು.

“ಇನ್ನ ಇದು ಅದರ ಕೊರಳಿಗೆ ಬೇಕಾಗಿಲ್ಲ,” ಎಂದನು ಗಾಡಿಯವನು. “ನಿನಗ ಆ ಮೂಲಿಗೆ ತೊಗಲು ಕಡಿಮಿ ಬಿದ್ದಿತ್ತಲ್ಲ. ತಗೊಂಡು ಹೋಗು.”

ಜೀಪಿನವನು ಎರಡು ಕೈಯಲ್ಲೂ ಅದನ್ನು ತೆಗೆದುಕೊಂಡನು. ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತನು. ಈ ಸಲ ಕೋಲನ್ನು ಮೊದಲು ನಾಲ್ಕನೆಯ ಮೂಲೆಗೆ ತಳ್ಳಿ ಅಳತೆ ತೆಗೆದನು. ಕೊಯ್ದ ಹೊಲಿಗೆಯ ನಡುವೆ ಆ ಕರಿ ಪಟ್ಟಿಯನ್ನು ಇಟ್ಟು ಹೊಲಿಯತೊಡಗಿದನು. ಹೆಂಡತಿ ಬಂದು ಮಗ್ಗುಲಲ್ಲಿ ಕುಳಿತಳು. ಈ ಸಲ ಅವಳು ಕುಬಸದ ಮಾತೆತ್ತಲಿಲ್ಲ. ದಾರಕ್ಕೆ ಮೇಣ ಹಚ್ಚಿ ಹಚ್ಚಿ ಕೊಟ್ಟಳು. ಬುಡವನ್ನು ಮೊದಲಿನಂತೆಯೇ ಬಳೆಯ ಕೆಳಗೆ ಬಿಗಿದನು. ಕತ್ತನ್ನು ಮೊದಲಿನಂತೆಯೇ ಕಟ್ಟಿದನು. ಧೂಳು ಹೊರಗೇ ಉಳಿಯಿತು, ಹೊಗೆ ಹೊರಗೇ ಉಳಿಯಿತು. ಅವ್ವ ಸೆರಗನ್ನು ಮೂಗಿನಿಂದ ಇಳಿಸಿದಳು.

ಬೂಟು ಮೊದಲಿನ ಹಾಗೆ ಚಂದ ಕಾಣುವುದಿಲ್ಲ. ಕೆಂಪು ತೊಗಲಿನ ನಡುವೆ ಆ ಕರಿಯ ತುಂಡು ಎದ್ದು ಕಾಣುತ್ತದೆ. ಮುಂದಕ್ಕೆ ಹೋಗುವಾಗ ಅದಕ್ಕೆ ಕೆಲಸವಿಲ್ಲ. ಮಡಿಚಿಕೊಂಡು ಸುಮ್ಮನೆ ಕುಳಿತಿರುತ್ತದೆ. ಹೊಸದಾಗಿ ಜೀಪು ಹತ್ತಿದವರು ಇದೇನು ತೇಪೆ ಎಂದು ಕೇಳುತ್ತಾರೆ. ಎದುರಿಗೆ ಏರುವವರು ಕಂಡಾಗ ಅವನು ಕೋಲನ್ನು ಆ ಮೂಲೆಗೆ ತಳ್ಳುತ್ತಾನೆ. ಕರಿಯ ತುಂಡು ಬಿಚ್ಚಿಕೊಳ್ಳುತ್ತದೆ. ಕೇಳಿದವರು ಕಣ್ಣಾರೆ ನೋಡುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ದೀಪದ ಹೊತ್ತಾಗಿತ್ತು. ಅಡಿವೆಪ್ಪ ಕೇಳಿದನು:

“ಅಂದ್ರ ನೇಮ ಬಿಟ್ಟು ಬಿಡಬೇಕೇನ್ರಿ, ಬುದ್ಧೀ?”

“ಅಂವ ಬೂಟು ಕಿತ್ತು ಒಗದಾ ಅಂತ ನಾ ಹೇಳಿದೆನೇನು?” ಎಂದರು ಗುರುಗಳು.

ಅಡಿವೆಪ್ಪ ಎದ್ದು, ಮಂಡಿಯೂರಿ ನಮಸ್ಕಾರ ಮಾಡಿದನು. ವಿಭೂತಿ ಹಚ್ಚಿಸಿಕೊಂಡನು. ಆಮೇಲೆ, ಚಿಕ್ಕಂದಿನಿಂದ ರೂಢಿಯಾದಂತೆ, ಗುರುಗಳಿಗೆ ಬೆನ್ನು ತೋರಿಸದೆ, ಕೈ ಮುಗಿದುಕೊಂಡೇ ಹಿಂದುಹಿಂದಕ್ಕೆ ಹೆಜ್ಜೆ ಇಡುತ್ತ ಹೋದನು. ತಿರುಗಿ ನೋಡದೆಯೇ ಅವನ ಹಿಮ್ಮಡಿಗೆ ಹೊಸ್ತಿಲು ಸಿಕ್ಕಿತು.

“ಅಡಿವೆಪ್ಪಾ,” ಎಂದರು ಗುರುಗಳು, “ನನ್ನ ಮುಂದ ಹಿಂದಕ್ಕ ನಡಿಯಾಕ ಎಷ್ಟು ಚಂದ ಬರ್ತೈತಿ ನಿನಗ, ಹಸಗೊಂಡು ಬಂದ ಆ ಮಗಳ ಮುಂದ ಯಾಕ ಬರಂಗಿಲ್ಲ?”

ಮುಗಿದ ಕೈ ಮುಗಿದಂತೆಯೇ, ಅಡಿವೆಪ್ಪ ಹೊಸ್ತಿಲ ಮೇಲೆ ನಿಂತುಬಿಟ್ಟನು.